ಟ್ರೇ ಹಿಡಿದು ನಿಂತವಳು

ಧಾರಾವಾಹಿಯಲ್ಲಿ ಯಾರನ್ನಾದರೂ ಮುಗಿಸಬೇಕೆಂದರೆ ಬಂದೂಕು ಬೇಕಿಲ್ಲ, ನರ್ಸ್ ಡ್ರೆಸ್ ಒಂದಿದ್ದರೆ ಸಾಕು. ಖಳನಾಯಕಿ ಬಿಳಿ ಬಟ್ಟೆ ಹಾಕಿಕೊಂಡು, ಮುಖಕ್ಕೆ ಮಾಸ್ಕ್ ಏರಿಸಿ, ಕೈಯಲ್ಲೊಂದು ಟ್ರೇ ಹಿಡಿದು ಐಸಿಯು ಕಡೆ ನಡೆದಳೆಂದರೆ ಬಾಗಿಲಲ್ಲಿ ನಿಂತ ಪೊಲೀಸನೂ ಯಾರು ಎನ್ನುವುದಿಲ್ಲ, ಬೆಂಚಿನ ಮೇಲೆ ರೇಷ್ಮೆ ಸೀರೆ ಉಟ್ಟು ಸಾಲಾಗಿ ಕೂತ ಬೀಗರೂ ಯಾರು ಎನ್ನುವುದಿಲ್ಲ. ಒಳಗೆ ಹೋಗಿ ಆಕ್ಸಿಜನ್ ನಳಿಗೆ ಕೀಳುತ್ತಾಳೆ, ಇಲ್ಲವೇ ಸಲೈನ್ ಬಾಟಲಿಗೆ ಏನನ್ನೋ ಚುಚ್ಚುತ್ತಾಳೆ, ಬಂದ ದಾರಿ ಹಿಡಿದು ಹೊರಡುತ್ತಾಳೆ. ನಮ್ಮ ಸೊರಟೂರಿನ ಮನೆಯಲ್ಲಿ ಸಂಜೆ ಟಿವಿ ಮುಂದೆ ಕೂರುವ ಹೆಂಗಸರಿಗೆ ಇದು ಬಾಯಿಪಾಠ. ‘ಅಲ್ರೀ ಸಿಸ್ಟರ್, ನಿಮ್ಮ ದವಾಖಾನ್ಯಾಗೂ ಹಿಂಗ ಯಾರ ಬೇಕಾದವ್ರು ಒಳಗ ಬರತಾರೇನು?’ ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿದಳು. ನಕ್ಕುಬಿಟ್ಟೆ. ಆದರೆ ಧಾರಾವಾಹಿ ಬರೆಯುವವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿದೆ. ಆ ಡ್ರೆಸ್ಸಿನೊಳಗಿನ ಮುಖವನ್ನು ಯಾರೂ ನೋಡುವುದಿಲ್ಲ. ಅದು ಗೊತ್ತಿದ್ದೇ ಅವನು ಆ ವೇಷ ಆರಿಸಿಕೊಂಡಿದ್ದಾನೆ.

ನಾನು ಅದೇ ಡ್ರೆಸ್ಸಿನೊಳಗೆ ನೌಕರಿ ಮುಗಿಸಿದವಳು. ಸೊರಟೂರ ಅಂದರೆ ಇತಿಹಾಸದ ಪುಸ್ತಕದವರಿಗೆ ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಸೋಲಿಸಿದ ರಣಭೂಮಿ. ನಮಗೆ ಅದು ಶೇಂಗಾ, ಹತ್ತಿ, ಮೆಣಸಿನಕಾಯಿ, ದೂರಕ್ಕೆ ಕಪ್ಪತಗುಡ್ಡ. ಅಲ್ಲಿಂದ ಜಿಎನ್‌ಎಂ ನರ್ಸಿಂಗ್ ಕೋರ್ಸ್ ಕಲಿಯಲು ಹೊರಟೆ. ಆಮೇಲೆ ಇದೇ ಗದಗ ಸೀಮೆಯ ಸರಕಾರಿ ದವಾಖಾನೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದೆ, ಅದರಲ್ಲೂ ಬಹುಪಾಲು ಹೆರಿಗೆ ವಾರ್ಡಿನಲ್ಲಿ. ಸಿನಿಮಾ ಹುಚ್ಚು ಮಾತ್ರ ಮೊದಲಿನಿಂದಲೂ ಇತ್ತು. ನೈಟ್ ಡ್ಯೂಟಿ ಮುಗಿಸಿ ಬಂದು, ಮಧ್ಯಾಹ್ನ ಎದ್ದು, ಟಿವಿಯಲ್ಲಿ ಬರುವ ಹಳೆಯ ಸಿನಿಮಾ ನೋಡುವುದೇ ನನ್ನ ವಿಶ್ರಾಂತಿ. ಹಾಗೆ ನೋಡುತ್ತ ನೋಡುತ್ತ ಪರದೆಯ ಮೇಲಿನ ನಮ್ಮವರನ್ನು ಗಮನಿಸುವ ಚಾಳಿ ಅಂಟಿಕೊಂಡಿತು.

ಅಲ್ಲಿ ನಮ್ಮವರು ಮಾಡುವುದಾದರೂ ಏನು? ಬಾಗಿಲು ತೆರೆಯುತ್ತಾರೆ. ‘ಡಾಕ್ಟರ್ ಬಂದ್ರು’ ಎನ್ನುತ್ತಾರೆ. ಕೆಂಪು ದೀಪ ಹತ್ತಿದ ಕೋಣೆಯೊಳಗೆ ಕತ್ತರಿ ಕೊಡುತ್ತಾರೆ, ಡಾಕ್ಟರ ಹಣೆಯ ಬೆವರು ಒರೆಸುತ್ತಾರೆ. ಡಾಕ್ಟರು ಕನ್ನಡಕ ತೆಗೆದು ಇನ್ನು ದೇವರೇ ಗತಿ ಎಂದಾಗ ಹಿಂದೆ ತಲೆತಗ್ಗಿಸಿ ನಿಲ್ಲುತ್ತಾರೆ. ಹಾಸ್ಯದ ಚಿತ್ರವಾದರೆ ದೊಡ್ಡ ಸೂಜಿ ಹಿಡಿದು ಬರುತ್ತಾರೆ, ಹಾಸ್ಯನಟ ಚಡ್ಡಿ ಹಿಡಿದುಕೊಂಡು ಓಡುತ್ತಾನೆ. ಮಾತು ಕೊಟ್ಟರೆ ಮಲಯಾಳದ ಎಳೆತ ಬೆರೆಸಿ ಕೊಡುತ್ತಾರೆ, ಥಿಯೇಟರಿನಲ್ಲಿ ನಗೆ. ಕೇರಳದ ಹುಡುಗಿಯರು ಊರು ಬಿಟ್ಟು ಬಂದು ನಮ್ಮ ಕಡೆಯ ಎಷ್ಟೋ ದವಾಖಾನೆ ನಡೆಸಿಕೊಟ್ಟಿದ್ದಾರೆ. ಅವರ ಪಾಲಿಗೆ ನಮ್ಮ ಸಿನಿಮಾ ಇಟ್ಟದ್ದು ಈ ನಗೆಯೊಂದೇ. ಇನ್ನು ಲಂಬಾಣಿ ತಾಂಡಾದಿಂದ, ಕುರುಬರ ಓಣಿಯಿಂದ, ಲಿಂಗಾಯತರ ಮನೆಯಿಂದ ಬಂದು ಗದಗ ಸೀಮೆಯ ಭಾಷೆಯಲ್ಲೇ ಬಾಣಂತಿಗೆ ಗದರಿಸುವ ನರ್ಸ್ ಪರದೆಯ ಮೇಲೆ ನನಗಂತೂ ಸಿಕ್ಕಿಲ್ಲ.

ಮುಖ ಇರುವ ನರ್ಸುಗಳೂ ಇದ್ದಾರೆ, ಇಲ್ಲವೆಂದಲ್ಲ. 1971ರ ಹಿಂದಿ ಚಿತ್ರ ‘ಆನಂದ್’ನಲ್ಲಿ ಲಲಿತಾ ಪವಾರ್ ಮಾಡಿದ ಮೇಟ್ರನ್ ಡಿಸಾ ನೆನಪಿದ್ದಾರೆಯೇ? ಗಡಸು ಮೋರೆ, ಒಳಗೆ ಬೆಣ್ಣೆ. ಆ ಪಾತ್ರವನ್ನು ನಾನು ಪೂರ್ತಿ ಒಪ್ಪುತ್ತೇನೆ, ಯಾಕೆಂದರೆ ಅಂಥ ಮೇಟ್ರನ್ ಕೈಕೆಳಗೆ ನಾನೂ ಹಾಸಿಗೆ ಹಾಸುವುದನ್ನು ಕಲಿತಿದ್ದೇನೆ. ಚಾದರದ ಮೂಲೆ ಸರಿಯಾಗಿ ಮಡಚದಿದ್ದರೆ ಕಿತ್ತು ಮತ್ತೆ ಹಾಸಿಸುತ್ತಿದ್ದರು.

ಅದಕ್ಕೂ ಎರಡು ವರ್ಷ ಹಿಂದೆ ಬಂದದ್ದು ‘ಖಾಮೋಷಿ’. ವಹೀದಾ ರೆಹಮಾನ್ ಅದರಲ್ಲಿ ನರ್ಸ್ ರಾಧಾ. ಅಸಿತ್ ಸೇನ್ ಇದೇ ಕತೆಯನ್ನು 1959ರಲ್ಲಿ ಬಂಗಾಳಿಯಲ್ಲಿ ಸುಚಿತ್ರಾ ಸೇನ್ ಜೊತೆ ‘ದೀಪ್ ಜ್ವೇಲೆ ಜಾಯ್’ ಎಂದು ತೆಗೆದಿದ್ದರು, ಮರುವರ್ಷ ತೆಲುಗಿನಲ್ಲಿ ಸಾವಿತ್ರಿ ಮಾಡಿದರು. ಕತೆ ಇಷ್ಟು: ಮಾನಸಿಕ ರೋಗಿಗೆ ಪ್ರೀತಿಯೇ ಮದ್ದು ಎಂದು ದೊಡ್ಡ ಡಾಕ್ಟರು ನಂಬುತ್ತಾರೆ, ಪ್ರೀತಿಸುವ ನಾಟಕ ಆಡಲು ನರ್ಸಿಗೆ ಹೇಳುತ್ತಾರೆ. ಮೊದಲ ರೋಗಿ ಗುಣವಾಗಿ ಹೋಗುತ್ತಾನೆ, ಇವಳಿಗೆ ನಾಟಕ ನಿಜವಾಗಿರುತ್ತದೆ. ಎರಡನೆಯವನೂ ಗುಣವಾಗುತ್ತಾನೆ. ಇವಳು ಬುದ್ಧಿ ಕಳೆದುಕೊಂಡು ಅದೇ ರೋಗಿಯ ಕೋಣೆ ಸೇರುತ್ತಾಳೆ. ವಹೀದಾ ಅವರ ನಟನೆಗೆ ಕೈ ಮುಗಿಯಬೇಕು, ಇಂದಿಗೂ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ಇಂಥ ಚಿಕಿತ್ಸೆ ಯಾವ ನರ್ಸಿಂಗ್ ಪುಸ್ತಕದಲ್ಲೂ ಇಲ್ಲ. ನಿಜವಾಗಿ ಇಂಥದ್ದು ನಡೆದರೆ ಆ ಡಾಕ್ಟರ ಲೈಸೆನ್ಸ್ ಹೋಗಬೇಕು. ಗುಳಿಗೆಯ ಜಾಗದಲ್ಲಿ ಒಬ್ಬ ಹೆಣ್ಣುಮಗಳನ್ನು ಕೊಟ್ಟ ಕತೆಯನ್ನು ನಾವು ಪ್ರೇಮಕತೆ ಎಂದು ಕಣ್ಣೊರೆಸಿಕೊಂಡು ನೋಡಿದೆವು!

ಕನ್ನಡದ್ದು ಹೇಳಬೇಕೆಂದರೆ, ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ತೆಗೆದ ‘ಶರಪಂಜರ’ ನಮ್ಮ ತಲೆಮಾರಿನ ಹೆಂಗಸರ ಮನಸ್ಸಿನಿಂದ ಅಳಿಯುವುದಲ್ಲ. ಕಲ್ಪನಾ ಅವರ ಕಾವೇರಿ ಕಣ್ಣಿಗೆ ಕಟ್ಟಿದಂತಿದ್ದಾಳೆ. ಆಸ್ಪತ್ರೆಯಲ್ಲಿ ಅವಳನ್ನು ಹಗಲಿರುಳು ನೋಡಿಕೊಂಡವರು ಯಾರು ಎಂದು ಕೇಳಿದರೆ ನನಗೇ ಒಂದು ಮುಖ ನೆನಪಿಗೆ ಬಾರದು. ಇತ್ತೀಚಿನ ಒಳ್ಳೆಯ ಚಿತ್ರ, 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಮರೆವಿನ ಕಾಯಿಲೆಯ ವೆಂಕೋಬರಾಯರಾಗಿ ಅನಂತನಾಗ್ ಎಷ್ಟು ಚೆನ್ನ! ಅವರನ್ನು ಮಗುವಿನಂತೆ ಅಕ್ಕರೆಯಿಂದ ಕಾಣುವ ಹುಡುಗಿಯೂ ಇದ್ದಾಳೆ. ಆದರೆ ಅವಳು ಡಾಕ್ಟರ್. ಮರೆವಿನವರನ್ನು ನೋಡಿದ ನಮಗೆ ಗೊತ್ತು, ಡಾಕ್ಟರು ರೌಂಡ್ಸಿಗೆ ಬಂದು ಹೋದಮೇಲೆ ಉಳಿದ ಹೊತ್ತೆಲ್ಲ ಉಣಿಸುವವರು, ಪೈಜಾಮ ಬದಲಿಸುವವರು, ‘ಮನೀಗೆ ಹೋಗಬೇಕು’ ಎಂದು ಹಟ ಹಿಡಿದಾಗ ಮಾತು ಮರೆಸುವವರು ಯಾರೆಂದು. ಪ್ರೀತಿ ಮತ್ತು ಬುದ್ಧಿ ಎರಡೂ ಇರುವ ಹೆಣ್ಣು ಕತೆಗೆ ಬೇಕಾದಾಗ ಅವಳ ಕೊರಳಿಗೆ ಸ್ಟೆತಾಸ್ಕೋಪ್ ಹಾಕಿ ಡಾಕ್ಟರ್ ಮಾಡುವುದು ಸಿನಿಮಾದವರಿಗೆ ರೂಢಿ. ಸ್ಟೆತಾಸ್ಕೋಪ್ ನಾವೂ ಹಾಕಿಕೊಳ್ಳುತ್ತೇವೆ. ಬಿಪಿ ನೋಡಲು ಮತ್ತೇನು, ಬರಿಗಿವಿಯೇ?

ಈಗ ಒಂದು ಚಿತ್ರ, ಒಂದು ನಿಜ, ಎರಡನ್ನೂ ಪಕ್ಕಪಕ್ಕ ಇಡುತ್ತೇನೆ.

2010ರ ನವೆಂಬರಿನಲ್ಲಿ ಸಂಜಯ್ ಲೀಲಾ ಬನ್ಸಾಲಿಯ ‘ಗುಜಾರಿಶ್’ ಬಂತು. ಕುತ್ತಿಗೆಯಿಂದ ಕೆಳಗೆ ಸ್ವಾಧೀನವಿಲ್ಲದ ಜಾದೂಗಾರನಾಗಿ ಹೃತಿಕ್ ರೋಷನ್, ಹನ್ನೆರಡು ವರ್ಷ ಅವನ ಸೇವೆ ಮಾಡಿದ ನರ್ಸ್ ಸೋಫಿಯಾ ಆಗಿ ಐಶ್ವರ್ಯಾ ರೈ. ಅವನು ದಯಾಮರಣ ಬೇಡುತ್ತಾನೆ. ಸೋಫಿಯಾ ನೆಲ ಗುಡಿಸುವ ಲಂಗ, ಕೆಂಪು ತುಟಿ, ಕೂದಲಲ್ಲಿ ಹೂವು ಇಟ್ಟುಕೊಂಡು ಅವನ ಮೈ ತೊಳೆಯುತ್ತಾಳೆ. ಕೊನೆಗೆ ಸಾಯಲು ನೆರವಾಗುತ್ತೇನೆ ಎನ್ನುತ್ತಾಳೆ, ಅದೇ ಅವಳ ಪ್ರೀತಿಯ ಪರಾಕಾಷ್ಠೆ.

ನಾಲ್ಕು ತಿಂಗಳಿಗೆ, 2011ರ ಮಾರ್ಚ್ 7ರಂದು, ಸುಪ್ರೀಂ ಕೋರ್ಟು ಅರುಣಾ ಶಾನಭಾಗ ಪ್ರಕರಣದ ತೀರ್ಪು ಕೊಟ್ಟಿತು. ಅರುಣಾ ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ. ಹೊನ್ನಾವರದ ಹತ್ತಿರದ ಊರು ಅದು. ನರ್ಸ್ ಆಗಿ ಮುಂಬಯಿಯ ಕೆಇಎಂ ಆಸ್ಪತ್ರೆ ಸೇರಿದ್ದಳು. 1973ರ ನವೆಂಬರ್ 27ರಂದು ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದವಳ ಮೇಲೆ ಅದೇ ಆಸ್ಪತ್ರೆಯ ವಾರ್ಡ್ ಬಾಯ್ ಬಿದ್ದು, ನಾಯಿ ಕಟ್ಟುವ ಸರಪಳಿಯಿಂದ ಕೊರಳು ಬಿಗಿದ. ಮಿದುಳಿಗೆ ರಕ್ತ ನಿಂತಿತು. ಆಗ ಅವಳಿಗೆ 25 ವರ್ಷ. ಅವನಿಗೆ ಸಿಕ್ಕ ಶಿಕ್ಷೆ ಏಳು ವರ್ಷ, ಅದೂ ದರೋಡೆ ಮತ್ತು ಕೊಲೆಯತ್ನಕ್ಕೆ. ಅತ್ಯಾಚಾರದ ಆರೋಪ ಹೊರಿಸಲೇ ಇಲ್ಲ. ಅರುಣಾ ಮಾತ್ರ 4ನೇ ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ 2015ರ ಮೇ 18ರವರೆಗೆ ಮಲಗಿಯೇ ಇದ್ದಳು.

ಪಿಂಕಿ ವಿರಾನಿ ಎಂಬ ಪತ್ರಕರ್ತೆ ಆಕೆಯ ಬದುಕಿನ ಬಗ್ಗೆ ಪುಸ್ತಕ ಬರೆದಿದ್ದರು. ಆಕೆಗೆ ಆಹಾರ ನಿಲ್ಲಿಸಿ ಸಾಯಲು ಬಿಡಿ ಎಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಕೆಇಎಂನ ನರ್ಸುಗಳು ‘ಆಗದು’ ಎಂದರು. ಅವರಲ್ಲಿ ಬಹಳ ಮಂದಿ ಅರುಣಾ ಓಡಾಡಿದ್ದನ್ನು ಕಂಡವರೇ ಅಲ್ಲ. ಆಕೆ ಹಾಸಿಗೆ ಹಿಡಿದಮೇಲೆ ಹುಟ್ಟಿದವರೂ ಇದ್ದರು. ಬ್ಯಾಚಿನ ಮೇಲೆ ಬ್ಯಾಚು ಬಂದು, ಹಿಂದಿನವರು ಒಪ್ಪಿಸಿ ಹೋದದ್ದನ್ನು ಕೈಗೆತ್ತಿಕೊಂಡಿತ್ತು. ಎಂಬತ್ತರ ದಶಕದಲ್ಲಿ ಪಾಲಿಕೆಯವರು ಆಕೆಯನ್ನು ಬೇರೆಡೆಗೆ ಸಾಗಿಸಲು ನೋಡಿದಾಗಲೂ ಪ್ರತಿಭಟಿಸಿ ತಡೆದವರು ಈ ನರ್ಸುಗಳೇ. ಕೋರ್ಟು ಅರ್ಜಿ ತಳ್ಳಿಹಾಕಿತು. ಆಕೆಯ ಪರವಾಗಿ ಮಾತಾಡುವ ಹಕ್ಕು ಪುಸ್ತಕ ಬರೆದವರಿಗಿಂತ ಹೆಚ್ಚಾಗಿ ಕೆಇಎಂ ಸಿಬ್ಬಂದಿಯದು ಎಂದಿತು. ನಿಷ್ಕ್ರಿಯ ದಯಾಮರಣಕ್ಕೆ ದೇಶದಲ್ಲಿ ಮೊದಲು ದಾರಿ ತೆರೆದದ್ದೂ ಇದೇ ತೀರ್ಪು.

ಆ ಪ್ರಕರಣದ ಕಾಗದಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಬೇರೆಯೇ. ಅಷ್ಟು ವರ್ಷ ಮಲಗಿದ ದೇಹದಲ್ಲಿ ಹಾಸಿಗೆ ಹುಣ್ಣು ಇರಲಿಲ್ಲ. ಓದುವವರು ಮುಂದೆ ಸಾಗಿಬಿಡುತ್ತಾರೆ, ನರ್ಸ್ ಆದವಳು ಅಲ್ಲಿಯೇ ಕುಳಿತುಬಿಡುತ್ತಾಳೆ. ಹಾಸಿಗೆ ಹಿಡಿದ ರೋಗಿಯ ಹಿಮ್ಮಡಿ, ಸೊಂಟದ ಹಿಂದಿನ ಎಲುಬು, ಭುಜದ ಮೂಳೆ ಒಂದೇ ಕಡೆ ಒತ್ತಿಕೊಂಡಿದ್ದರೆ ಅಲ್ಲಿ ರಕ್ತ ಓಡುವುದಿಲ್ಲ. ಮೊದಲು ಕೆಂಪು, ಆಮೇಲೆ ಗುಳ್ಳೆ, ಆಮೇಲೆ ಕೈಬೆರಳು ಹೋಗುವಷ್ಟು ತೂತು. ಇದಕ್ಕೆ ಮದ್ದಿಗಿಂತ ಮೊದಲು ಬೇಕಾದದ್ದು ರಟ್ಟೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಚಾದರದಲ್ಲಿ ಒಂದು ಸುಕ್ಕು ಇರಬಾರದು. ಒದ್ದೆಯಾದ ತಕ್ಷಣ ತೆಗೆಯಬೇಕು. ಬೆನ್ನಿಗೆ ಕೈಯಾಡಿಸಿ ಕೆಂಪಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ದೀಪಾವಳಿಯ ರಾತ್ರಿಯೂ, ಮಳೆಗೆ ರೈಲು ನಿಂತು ಮುಂದಿನ ಪಾಳಿಯವಳು ಬಾರದ ದಿನವೂ. ಮೀನಿನ ಊಟ ಕೊಟ್ಟರೆ ಆಕೆಯ ಮುಖ ಅರಳುತ್ತಿತ್ತು ಎಂಬುದೂ ಆ ದಾಖಲೆಯಲ್ಲಿದೆ. ಕರಾವಳಿಯ ನಾಲಿಗೆ, ಮತ್ತೇನು!

ಇದನ್ನು ಸಿನಿಮಾ ಮಾಡುವುದು ಹೇಗೆ ಹೇಳಿ? ಪ್ರೇಮ, ಸಾವು, ಕೋರ್ಟಿನ ವಾದ, ಇವಕ್ಕೆಲ್ಲ ಕ್ಯಾಮರಾ ಓಡಿ ಬರುತ್ತದೆ. ಮಗ್ಗುಲು ಬದಲಿಸುವುದರಲ್ಲಿ ಏನಿದೆ? ನಮ್ಮ ಕೆಲಸ ಕೈಗೂಡಿದರೆ ಏನೂ ಆಗುವುದಿಲ್ಲ. ಹುಣ್ಣಾಗುವುದಿಲ್ಲ, ಜ್ವರ ಏರುವುದಿಲ್ಲ, ತಪ್ಪು ಔಷಧ ಒಳಗೆ ಹೋಗುವುದಿಲ್ಲ, ರೋಗಿ ಮಂಚದಿಂದ ಬೀಳುವುದಿಲ್ಲ. ಏನೂ ಆಗದಿದ್ದದ್ದನ್ನು ತೋರಿಸಲು ಸಿನಿಮಾಕ್ಕೆ ಬಾರದು, ಆದ್ದರಿಂದ ನಮಗೆ ಪ್ರೇಮವನ್ನೋ ವಿಷದ ಸೂಜಿಯನ್ನೋ ಕೊಟ್ಟು ಕತೆಯೊಳಗೆ ಕರೆದುಕೊಳ್ಳುತ್ತದೆ. ನನ್ನ ತಕರಾರು ಇದೊಂದೇ. ದೇವತೆ ಮಾಡಿದರು, ದೆವ್ವ ಮಾಡಿದರು ಎಂಬ ದೂರು ಆಮೇಲಿನದು.

ಮಗು ಬದಲಾಯಿಸುವ ನರ್ಸ್ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಹೆರಿಗೆ ವಾರ್ಡಿನವಳಾಗಿ ನನಗೆ ನಿದ್ದೆ ಬಾರದು. 2020ರ ತೆಲುಗು ಚಿತ್ರ ‘ಅಲಾ ವೈಕುಂಠಪುರಮುಲೋ’ ನಮ್ಮ ಕಡೆಯೂ ಮನೆಮನೆಗೆ ಬಂತು. ಅದರಲ್ಲಿ ಗುಮಾಸ್ತನ ಮಾತಿಗೆ ನರ್ಸ್ ಎರಡು ಮಕ್ಕಳನ್ನು ಅದಲುಬದಲು ಮಾಡುತ್ತಾಳೆ, ಆಮೇಲೆ ಬಿದ್ದು ಇಪ್ಪತ್ತೈದು ವರ್ಷ ಕೋಮಾದಲ್ಲಿರುತ್ತಾಳೆ, ಗುಟ್ಟು ಹೇಳಲಿಕ್ಕೆಂದೇ ಎಚ್ಚರವಾಗುತ್ತಾಳೆ. ಕತೆಯೆಂದು ನಕ್ಕು ಬಿಡಬಹುದು. ಆದರೆ ಇಂಥವು ಹೊಟ್ಟೆಯೊಳಗೆ ಇಳಿಯುತ್ತವೆ. ಹೆರಿಗೆಯಾದ ಕೂಡಲೇ ಮಗುವನ್ನು ಎತ್ತಿ ತಾಯಿಗೆ ತೋರಿಸಿ ಗಂಡೋ ಹೆಣ್ಣೋ ಎಂದು ಅವಳ ಬಾಯಿಂದಲೇ ಹೇಳಿಸುತ್ತೇವೆ. ತಾಯಿಯ ಕೈಗೂ ಮಗುವಿನ ಕೈಗೂ ಒಂದೇ ನಂಬರಿನ ಪಟ್ಟಿ ಕಟ್ಟುತ್ತೇವೆ, ಕೇಸ್ ಶೀಟಿನ ಮೇಲೆ ಪುಟ್ಟ ಪಾದದ ಗುರುತು ಒತ್ತುತ್ತೇವೆ. ಇಷ್ಟಾದರೂ ಹೆಣ್ಣು ಹುಟ್ಟಿದ ಕೆಲವು ಮನೆಯವರು ಕೇಳುವುದುಂಟು: ‘ಬಾಯಾರ, ಅದಲಬದಲ ಏನರ ಆಗಿಲ್ಲಲ್ಲ?’ ಗಂಡು ಹುಟ್ಟಿದ ಮನೆಯವರು ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ.

ನಿಜವಾದ ರೋಮಾಂಚನ ಬೇಕೇ? ನಡುರಾತ್ರಿ ತಾಂಡಾದಿಂದ ಟಂಟಂನಲ್ಲಿ ಹಾಕಿಕೊಂಡು ಬಂದ ಚೊಚ್ಚಲ ಬಸುರಿ. ಮುಖ, ಕಾಲು ಬಾತಿವೆ, ದಾರಿಯಲ್ಲೇ ಎರಡು ಸಲ ಫಿಟ್ಸ್ ಬಂದಿದೆ. ದೆವ್ವ ಹಿಡಿದಿದೆ ಎಂದು ಯಾರೋ ಹಣೆಗೆ ಬೂದಿ ಬಳಿದಿದ್ದಾರೆ. ಬಿಪಿ 180ರ ಮೇಲೆ 120. ಡಾಕ್ಟರಿಗೆ ಫೋನು ಹೋಗಿದೆ, ಅವರು ಬರುವವರೆಗೆ ಕೈ ಕಟ್ಟಿ ಕೂರುವಂತಿಲ್ಲ. ಮ್ಯಾಗ್ಸಲ್ಫ್ ಕೊಡಬೇಕು, ಅಂದರೆ ಮ್ಯಾಗ್ನೀಸಿಯಂ ಸಲ್ಫೇಟ್. ಪೃಷ್ಠದ ಎರಡೂ ಬದಿಗೆ ಐದೈದು ಗ್ರಾಂ, ಆಳಕ್ಕೆ. ದಪ್ಪ ದ್ರಾವಣ, ಒತ್ತುವಾಗ ಹೆಬ್ಬೆರಳು ನೋಯುತ್ತದೆ. ಪ್ರಜ್ಞೆ ತಪ್ಪಿದವಳೂ ನೋವಿಗೆ ಮುಲುಗುತ್ತಾಳೆ.

ಫಿಟ್ಸ್ ನಿಂತಿತು. ಸಿನಿಮಾದಲ್ಲಾದರೆ ಇಲ್ಲಿಗೆ ಸಂಗೀತ ಏರಿ ದೃಶ್ಯ ಮುಗಿಯುತ್ತದೆ, ನಮಗೆ ಇಲ್ಲಿಂದ ಶುರು. ಯಾಕೆಂದರೆ ಫಿಟ್ಸ್ ನಿಲ್ಲಿಸುವ ಅದೇ ಔಷಧ ಮೈಯಲ್ಲಿ ಹೆಚ್ಚಾದರೆ ಉಸಿರನ್ನೂ ನಿಲ್ಲಿಸುತ್ತದೆ. ಮೂತ್ರದ ದಾರಿಯಲ್ಲಿ ಅದು ಹೊರಹೋಗಬೇಕು. ಆದ್ದರಿಂದ ನಾಲ್ಕು ತಾಸಿಗೆ ಮುಂದಿನ ಡೋಸು ಕೊಡುವ ಮೊದಲು ಮೂರು ನೋಡಲೇಬೇಕು. ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಇರಬಾರದು. ಚೀಲದಲ್ಲಿ ಮೂತ್ರ ತಾಸಿಗೆ 30 ಎಂಎಲ್ ಆದರೂ ಇಳಿದಿರಬೇಕು. ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ಪುಟಿಯಬೇಕು. ಪುಟಿಯದಿದ್ದರೆ ಅದೇ ಮೊದಲ ಎಚ್ಚರಿಕೆ, ಉಸಿರು ಕುಸಿಯುವುದಕ್ಕೂ ಮೊದಲು ಮೊಣಕಾಲು ಸುದ್ದಿ ಕೊಡುತ್ತದೆ. ಆಗ ಡೋಸು ತಡೆಯಬೇಕು. ಅತಿಯಾಗಿದ್ದರೆ ಇಳಿಸಲು ಕ್ಯಾಲ್ಸಿಯಂ ಗ್ಲುಕೊನೇಟ್ 10 ಎಂಎಲ್ ಸಿರಿಂಜ್ ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಹ್ಯಾಮರ್ ಸಿಗದ ರಾತ್ರಿ ಅಂಗೈಯ ಅಂಚಿನಿಂದ ತಟ್ಟಿ ನೋಡಿದ್ದೇನೆ. ಅವಳ ಎದೆ ಏರಿಳಿಯುವುದನ್ನು ಗಡಿಯಾರದ ಸೆಕೆಂಡು ಮುಳ್ಳಿಗೆ ಹಿಡಿದು ಎಣಿಸುತ್ತಿರುವಾಗ ಅತ್ತ ಇನ್ನೊಬ್ಬಳು ‘ಸಿಸ್ಟರ್, ಸಲೈನ್ ಮುಗೀತು’ ಎಂದು ಕೂಗುತ್ತಿರುತ್ತಾಳೆ, ಇತ್ತ ಎಣಿಕೆ ತಪ್ಪಬಾರದು. ಬೆಳಗಾಗುವಷ್ಟರಲ್ಲಿ ಹೆರಿಗೆಯಾಯಿತು, ಮಗು ಸಣ್ಣದು, ಆದರೆ ಅತ್ತಿತು. ಮನೆಯವರು ಪೇಢೆ ತಂದು ಡಾಕ್ಟರಿಗೆ ಕೊಟ್ಟು ಕಾಲು ಮುಟ್ಟಿದರು. ಡಾಕ್ಟರು ಒಳ್ಳೆಯವರು, ‘ರಾತ್ರಿ ನೋಡಿಕೊಂಡವರು ಅವರು’ ಎಂದು ನನ್ನ ಕಡೆ ಕೈ ತೋರಿಸಿದರು. ಮನೆಯವರು ನನ್ನ ಕಡೆ ತಿರುಗಿ, ‘ಬಾಯಾರ, ಬಿಸಿನೀರ ಎಲ್ಲಿ ಸಿಗತಾವ್ರೀ?’ ಎಂದರು.

ಒಂದು ಮೊಣಕಾಲು, ಒಂದು ಗಡಿಯಾರ, ಒಂದು ಮೂತ್ರದ ಚೀಲ. ಇಷ್ಟರ ಮೇಲೆ ಹತ್ತು ನಿಮಿಷ ಉಸಿರು ಬಿಗಿಹಿಡಿಸುವ ನಿರ್ದೇಶಕ ಕನ್ನಡದಲ್ಲಿ ಇಲ್ಲವೆಂದು ನಾನು ನಂಬುವುದಿಲ್ಲ.

ಮಲಯಾಳದವರು ಈ ವಿಷಯದಲ್ಲಿ ಮುಂದೆ ಹೋಗಿದ್ದಾರೆ. ಅದಕ್ಕೆ ಕಾರಣ ಅವರ ಮನೆಮನೆಯಲ್ಲಿ ನರ್ಸ್ ಇರುವುದು. 2014ರಲ್ಲಿ ಇರಾಕಿನ ತಿಕ್ರಿತ್ ಪಟ್ಟಣದ ಆಸ್ಪತ್ರೆಯಲ್ಲಿ ಭಾರತದ 46 ನರ್ಸುಗಳು ಐಸಿಸ್ ಕೈಗೆ ಸಿಕ್ಕಿ ಪಾರಾಗಿ ಬಂದರು. ಈ ಒಂದೇ ಘಟನೆಯಿಂದ 2017ರಲ್ಲಿ ಎರಡು ಸಿನಿಮಾ ಹುಟ್ಟಿದವು. ಹಿಂದಿಯ ‘ಟೈಗರ್ ಜಿಂದಾ ಹೈ’ಯಲ್ಲಿ ಲೆಕ್ಕ ಬದಲಾಗಿ ಭಾರತದ 25, ಪಾಕಿಸ್ತಾನದ 15 ನರ್ಸುಗಳು ಇದ್ದಾರೆ. ಅವರ ಕೆಲಸ ಅಳುವುದು ಮತ್ತು ಸಲ್ಮಾನ್ ಖಾನ್ ಬರುವವರೆಗೆ ಕಾಯುವುದು. ಮಹೇಶ್ ನಾರಾಯಣನ್ ಅವರ ‘ಟೇಕ್ ಆಫ್’ನಲ್ಲಿ ಪಾರ್ವತಿಯ ಸಮೀರಾ ಸಾಲದ ಭಾರಕ್ಕೆ ಇರಾಕಿಗೆ ಹೋದವಳು, ವಿಚ್ಛೇದನೆಯಾದವಳು, ಮತ್ತೆ ಮದುವೆಯಾಗಿ ಬಸುರಿ. ಸಿಡುಕುತ್ತಾಳೆ, ಸುಳ್ಳು ಹೇಳುತ್ತಾಳೆ, ಡ್ಯೂಟಿ ಮಾಡುತ್ತಾಳೆ. ನನಗೆ ಗುರುತು ಸಿಕ್ಕಿತು. 2019ರ ‘ವೈರಸ್’ ಕೂಡ ಹಾಗೆಯೇ. 2018ರಲ್ಲಿ ನಿಪಾ ರೋಗಿಯ ಸೇವೆ ಮಾಡಿ ತಾನೇ ತೀರಿಕೊಂಡ ಪೇರಾಂಬ್ರ ಆಸ್ಪತ್ರೆಯ ಲಿನಿ ಎಂಬ ನರ್ಸಿನ ನೆನಪಲ್ಲಿ ಬರೆದ ಪಾತ್ರವನ್ನು ರೀಮಾ ಕಲ್ಲಿಂಗಲ್ ಮಾಡಿದ್ದಾರೆ. ಅಬ್ಬರವಿಲ್ಲ, ಇರಬೇಕಾದಷ್ಟೇ ಇದೆ.

ಪಶ್ಚಿಮದವರು ಸಾಚಾ ಎಂದುಕೊಳ್ಳಬೇಡಿ. ಅವರ ಅತಿ ಹೆಸರಾದ ಸಿನಿಮಾ ನರ್ಸ್ ರ‍್ಯಾಚೆಡ್, ಹುಚ್ಚಾಸ್ಪತ್ರೆಯ ರೋಗಿಗಳನ್ನು ನಗುನಗುತ್ತಲೇ ಅರೆಯುವವಳು. 1975ರ ಆ ಪಾತ್ರಕ್ಕೆ ಲೂಯಿಸ್ ಫ್ಲೆಚರ್ ಆಸ್ಕರ್ ಗೆದ್ದರು. ಇತ್ತ ನಮ್ಮ ಕಸುಬಿನ ಮೂಲಮಾತೆ ಫ್ಲಾರೆನ್ಸ್ ನೈಟಿಂಗೇಲ್ ಕೈಯಲ್ಲಿ ಎಲ್ಲರೂ ದೀಪ ಕೊಟ್ಟರು. ಕ್ರಿಮಿಯಾ ಯುದ್ಧದ ಸಾವುಗಳನ್ನು ತಿಂಗಳವಾರು ಲೆಕ್ಕ ಹಾಕಿ, ಗಾಯಕ್ಕಿಂತ ಹೊಲಸಿನ ರೋಗಕ್ಕೆ ಸತ್ತವರೇ ಹೆಚ್ಚು ಎಂದು ಚಿತ್ರ ಬರೆದು ಸರ್ಕಾರದ ಮುಖಕ್ಕೆ ಹಿಡಿದ ಹೆಂಗಸು ಆಕೆ. ಲಂಡನ್ನಿನ ಅಂಕಿಅಂಶ ಸಂಘ ಆಕೆಯನ್ನು ಸದಸ್ಯೆಯಾಗಿ ಸೇರಿಸಿಕೊಂಡಿತ್ತು. ಮೇ 12ಕ್ಕೆ ನರ್ಸ್ ದಿನಾಚರಣೆ ಮಾಡುವಾಗ ನಮ್ಮಲ್ಲೂ ಮೇಣದಬತ್ತಿ ಹಚ್ಚುತ್ತಾರೆ. ಲೆಕ್ಕದ ಪಟ್ಟಿ ಎತ್ತಿ ತೋರಿಸಿದ್ದನ್ನು ನಾನು ಕಾಣೆ.

ಲೆಕ್ಕ ತೋರಿಸಿದರೆ ತೊಂದರೆಯೂ ಇದೆ. ಭಾರತೀಯ ನರ್ಸಿಂಗ್ ಕೌನ್ಸಿಲಿನ ಪ್ರಕಾರ ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಕಲಿಸುವ ಆಸ್ಪತ್ರೆಯಲ್ಲಿ ಮೂವರಿಗೊಬ್ಬ ನರ್ಸ್ ಇರಬೇಕು. ರಾತ್ರಿಪಾಳಿಯಲ್ಲಿ ಯಾವುದಾದರೂ ವಾರ್ಡಿನೊಳಗೆ ಒಮ್ಮೆ ಕಣ್ಣಾಡಿಸಿ, ಮಂಚ ಎಣಿಸಿ, ಆಮೇಲೆ ನಮ್ಮವರನ್ನು ಎಣಿಸಿ. ಸೇವೆ, ತ್ಯಾಗ, ದೇವತೆ ಎಂದುಬಿಟ್ಟರೆ ಈ ಎಣಿಕೆಯ ಗೋಜಿಲ್ಲ. ಕೊರೊನಾ ಕಾಲದಲ್ಲಿ, 2020ರ ಮೇ 3ರಂದು, ಹೆಲಿಕಾಪ್ಟರಿನಿಂದ ಆಸ್ಪತ್ರೆಗಳ ಮೇಲೆ ಹೂ ಸುರಿದರು. ಹೂವಿಗೆ ಬೇಡ ಎನ್ನುವುದಿಲ್ಲ. ಗುತ್ತಿಗೆಯ ಮೇಲಿದ್ದ ಹುಡುಗಿಯರು ಹೂ ಬಿದ್ದ ಮರುದಿನವೂ ಗುತ್ತಿಗೆಯವರೇ ಆಗಿದ್ದರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕದಲ್ಲಿ ಜಗತ್ತಿನ ನರ್ಸುಗಳು 2 ಕೋಟಿ 79 ಲಕ್ಷ, ಅವರಲ್ಲಿ ಹತ್ತಕ್ಕೆ ಒಂಬತ್ತು ಹೆಂಗಸರು. ಉಳಿದ ಒಂದು ಪಾಲಿನ ಗಂಡಸರು ನಮ್ಮ ಉತ್ತರ ಕರ್ನಾಟಕದ ದವಾಖಾನೆಗಳಲ್ಲಿ ಚೆನ್ನಾಗಿಯೇ ಕಾಣಸಿಗುತ್ತಾರೆ. ನಾವು ‘ಬ್ರದರ್’ ಎನ್ನುತ್ತೇವೆ, ರೋಗಿಗಳು ‘ಡಾಕ್ಟರ’ ಎನ್ನುತ್ತಾರೆ. ಗಂಡಸು ಬಿಳಿ ಬಟ್ಟೆ ಹಾಕಿದರೆ ಡಾಕ್ಟರೇ ಆಗಿರಬೇಕಲ್ಲ. ಕನ್ನಡ ಸಿನಿಮಾದಲ್ಲಿ ಅವರನ್ನು ನಾನಂತೂ ಕಂಡಿಲ್ಲ.

ನಾಟಕದ ಮಾತು ಬಾರದೆ ಗದಗ ಸೀಮೆಯವರ ಲೇಖನ ಮುಗಿಯುವುದುಂಟೇ? ಗರುಡ ಸದಾಶಿವರಾಯರು, ಶಿರಹಟ್ಟಿ ವೆಂಕೋಬರಾಯರು ಕಂಪನಿ ಕಟ್ಟಿ ಮೆರೆದ ನೆಲ ಇದು. ಈಗಲೂ ಜಾತ್ರೆಗೆ ಊರ ಹುಡುಗರು ಸಾಮಾಜಿಕ ನಾಟಕ ಆಡುತ್ತಾರೆ, ಸ್ತ್ರೀಪಾತ್ರಕ್ಕೆ ಸಂಭಾವನೆ ಕೊಟ್ಟು ಕಲಾವಿದೆಯರನ್ನು ಕರೆಸುತ್ತಾರೆ. ಇಂಥ ನಾಟಕಗಳಲ್ಲಿ ಡಾಕ್ಟರ ಜೊತೆ ಒಬ್ಬ ಕಂಪೌಂಡರ್, ಒಬ್ಬ ನರ್ಸ್ ಇರಲೇಬೇಕು, ಅವರಿಬ್ಬರದು ದ್ವಂದ್ವಾರ್ಥದ ಜುಗಲ್‌ಬಂದಿ. ಒಂದು ವರ್ಷ ಹುಡುಗರು ನನ್ನ ಹಳೆಯ ಯೂನಿಫಾರ್ಮ್ ಕೇಳಿಕೊಂಡು ಬಂದರು. ಕೊಡುತ್ತೇನೆ, ಆದರೆ ನಾಟಕದ ನರ್ಸ್ ಒಂದು ಸಲವಾದರೂ ರೋಗಿಯ ನಾಡಿ ಸರಿಯಾಗಿ ಹಿಡಿಯಬೇಕು, ಹೆಬ್ಬೆರಳಿಂದ ಹಿಡಿಯಬಾರದು ಎಂದೆ. ಹೆಬ್ಬೆರಳಿಗೆ ತನ್ನದೇ ನಾಡಿ ಇರುತ್ತದೆ, ರೋಗಿಯದೆಂದು ನಿಮ್ಮದನ್ನೇ ಎಣಿಸುತ್ತೀರಿ.

ಪಾತ್ರಕ್ಕೆ ಬಂದ ಕಲಾವಿದೆ ಸಂಜೆ ನಮ್ಮ ಮನೆಯಲ್ಲೇ ಬಣ್ಣ ಹಚ್ಚಿಕೊಂಡಳು. ನಾಡಿ ಹಿಡಿಯುವುದನ್ನು ತಟ್ಟನೆ ಕಲಿತಳು. ಹಿಡಿದದ್ದು ನನ್ನ ಕೈಯನ್ನೇ. ‘ಆದರ ಅಕ್ಕಾರ, ಇಷ್ಟೊತ್ತು ಸುಮ್ಮನ ಎಣಸಕೋತ ನಿಂತರ ಮಂದಿ ಸೀಟಿ ಹೊಡಿತಾರ್ರೀ’ ಎಂದಳು. ಒಂದು ನಿಮಿಷ ವೇದಿಕೆಯ ಮೇಲೆ ದೊಡ್ಡ ಕಾಲ, ಅದು ಅವಳ ಕಸುಬಿನ ಮಾತು, ನಾನು ಒಪ್ಪಿದೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು ಎಂದೆ. ಆಮೇಲೆ ಸೆರಗಿಗೆ ಪಿನ್ನು ಚುಚ್ಚುತ್ತ ಅದೂ ಇದೂ ಮಾತು ಬಂತು. ನನ್ನನ್ನು ನೋಡಲು ಬಂದ ಮೊದಲ ವರನ ಕಡೆಯವರು ಅವಲಕ್ಕಿ ತಿಂದು ಕೈತೊಳೆದು ಕೇಳಿದ್ದನ್ನು ಹೇಳಿದೆ: ‘ರಾತ್ರಿ ಡ್ಯೂಟಿ ಇರತದೇನು?’ ಅವಳು ಕಾಡಿಗೆಯ ಕಡ್ಡಿ ಕೆಳಗಿಟ್ಟು ನಗತೊಡಗಿದಳು. ಅವಳ ಮನೆಗೆ ಬಂದವರೂ ಅದನ್ನೇ ಕೇಳಿದ್ದರಂತೆ, ‘ಡ್ಯೂಟಿ’ ಬದಲು ‘ನಾಟಕ’ ಎಂದಿದ್ದರಂತೆ, ಅಷ್ಟೇ.

ರಾತ್ರಿ ನಾಟಕದಲ್ಲಿ ಅವಳು ಮಂಚದ ಪಕ್ಕ ನಿಂತು ನಾಡಿ ಹಿಡಿದಳು. ಮೂರು ಬೆರಳು, ಮಣಿಕಟ್ಟಿನ ಹೆಬ್ಬೆರಳ ಬದಿ, ಕಣ್ಣು ಗಡಿಯಾರದ ಮೇಲೆ. ಹಿಂದಿನ ಸಾಲಿನಿಂದ ಸೀಟಿ ಬಂದೇ ಬಂತು. ಅವಳು ಕದಲಲಿಲ್ಲ. ಕಂಪೌಂಡರ್ ತನ್ನ ಮಾತು ಮರೆತು ಅವಳ ಮುಖ ನೋಡುತ್ತ ನಿಂತ. ಹಾರ್ಮೋನಿಯಂ ಮಾಸ್ತರರು ಏನೋ ತಪ್ಪಾಗಿದೆಯೆಂದು ಒಂದು ಸುರ ಒತ್ತಿಯೂ ಬಿಟ್ಟರು. ಎಣಿಕೆ ಮುಗಿಸಿ ಅವಳು, ಬರೆದುಕೊಟ್ಟಿದ್ದ ಮಾತು ಬಿಟ್ಟು, ‘ಎಂಬತ್ನಾಲ್ಕು’ ಎಂದಳು.